ರೇಡಿಯೋದವರು ಗಂಟೆ ಕದ್ದರು

ಕಾಲಿ ಎಂಬ ನಗರದಲ್ಲಿ ಒಬ್ಬನನ್ನು ಕುಡುಕ ಅನ್ನಬಹುದು, ಸುಳ್ಳ ಅನ್ನಬಹುದು, ಬೇಕಿದ್ದರೆ ಅವನ ಮಾವನ ಮನೆಯವರ ಬಗ್ಗೆಯೂ ಒಂದು ಮಾತು ಆಡಬಹುದು. ಸಂಜೆಯೊಳಗೆ ಎರಡು ಬಾಟಲಿ ಬಿಯರಿನಲ್ಲಿ ರಾಜಿಯಾಗಿಬಿಡುತ್ತದೆ. ಆದರೆ "ನಿನಗೆ ಸಾಲ್ಸಾ ಕೇಳುವ ಕಿವಿಯೇ ಇಲ್ಲ" ಎಂದು ಅಂದು ನೋಡಿ! ಆ ಮಾತಿಗೆ ರಾಜಿಯಿಲ್ಲ, ಮದ್ದೂ ಇಲ್ಲ. ಅಂಥ ಮಾತನ್ನು ಓಬ್ರೆರೋ ಬಡಾವಣೆಯ ಎಲಾದಿಯೋ ಲುಕುಮಿಗೆ ಅಂದರು. ಮೂಲೆಗೆ ಕರೆದು ಗುಟ್ಟಾಗಿ ಅಂದದ್ದಲ್ಲ. ಲಾ ಚೊಂಟಾ ರೇಡಿಯೋದಲ್ಲಿ, ನಡುಮಧ್ಯಾಹ್ನ, ಊರಿಗೆ ಊರೇ ಕೇಳುತ್ತಿರುವಾಗ ಅಂದರು. ಅದೂ ಡಿಸೆಂಬರಿನಲ್ಲಿ, ಊರ ಹಬ್ಬದ ಕುಣಿತ ಬಾಗಿಲಿಗೆ ಬಂದು ನಿಂತಿರುವಾಗ. ಮನುಷ್ಯರಾದವರು ಮಾಡುವ ಕೆಲಸವೇ ಇದು?

ಎಲಾದಿಯೋ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವವನು. ಕೆಲಸವೆಲ್ಲ ಮನೆಯ ಮುಂದಿನ ಕೋಣೆಯಲ್ಲೇ. ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ, ಕಿವಿಯಲ್ಲಿ ಲಾ ಚೊಂಟಾ. ಆ ರೇಡಿಯೋದವರು ಬೆಳಗಿನಿಂದ ಸಂಜೆಯವರೆಗೆ ಸಾಲ್ಸಾ ಕುಣಿತದ ಹಾಡು ಹಾಕುತ್ತಾರೆ. ನಡುವೆ ಉಸಿರಾಡುವುದಕ್ಕೆಂದು ಒಂದೆರಡು ನಿಧಾನದ ಕುಂಬಿಯಾ ಹಾಡು. ಸುದ್ದಿ ಎಂದು ಓದುವುದು ಯಾರಾದರೂ ವಾದ್ಯದವರು ತೀರಿಕೊಂಡಾಗ ಮಾತ್ರ. ಹೀಗಾಗಿ ದೇಶದಲ್ಲಿ ಅಧ್ಯಕ್ಷರು ಬದಲಾದರೂ ಎಲಾದಿಯೋಗೆ ಗೊತ್ತಾಗುವುದು ತಡವಾಗಿಯೇ.

ಅವನ ಹೆಮ್ಮೆಯೆಂದರೆ ಅವನ ರೇಡಿಯೋ ಪೆಟ್ಟಿಗೆ. ಬ್ವೆನಾವೆಂತೂರಾ ಬಂದರಿನಲ್ಲಿ ಒಬ್ಬ ಹಡಗಿನವನ ಕೈಯಿಂದ ಕೊಂಡದ್ದು. ಎಮ್ಮೆಗಾತ್ರದ ಮರದ ಪೆಟ್ಟಿಗೆ, ಎರಡು ಕಡೆ ಎರಡು ಸ್ಪೀಕರು, ನೆತ್ತಿಯ ಮೇಲೆ ಗ್ರಾಮಫೋನ್ ತಟ್ಟೆ ಹಾಕುವ ಜಾಗ. ಹೊತ್ತು ತಂದ ಇಬ್ಬರಲ್ಲಿ ಒಬ್ಬನಿಗೆ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಈ ಪೆಟ್ಟಿಗೆಯ ಮಹಿಮೆ ಇಷ್ಟು: ದಿನವೂ ಮಧ್ಯಾಹ್ನ ಲಾ ಚೊಂಟಾದವರು "ಹೋಗ್ತೀಯಾ ಹೋಗು, ಟೋಪಿ ಬಿಟ್ಟು ಹೋಗು" ಎಂಬ ಹಳೆಯ ಹಾಡು ಹಾಕುತ್ತಾರಲ್ಲ, ಆ ಹಾಡಿನಲ್ಲಿ ಅರ್ಧ ದಾಟಿ ಕೋರಸ್ ಏರಿದಾಗ ಯಾರೋ ಗಂಟೆ ಬಾರಿಸುವುದು ಶುರುವಾಗುತ್ತದೆ. ದನದ ಕೊರಳಿಗೆ ಕಟ್ಟುವಂಥ ಗಂಟೆ. ಟಣ್ ಟಟಣ್, ಟಣ್ ಟಟಣ್. ಏನು ಕಸುವು, ಏನು ಸಿಟ್ಟು ಆ ಕೈಯಲ್ಲಿ! ಬೇರೆ ಯಾರ ಮನೆಯ ರೇಡಿಯೋದಲ್ಲೂ ಅದು ಕೇಳುವುದಿಲ್ಲ. ಎಲಾದಿಯೋನ ಪೆಟ್ಟಿಗೆಯಲ್ಲಿ ಮಾತ್ರ ಕೇಳುತ್ತದೆ.

"ನಿಮ್ಮ ಡಬ್ಬಿಗಳಲ್ಲಿ ಗಂಟೆ ಎಲ್ಲಿಂದ ಕೇಳ್ಬೇಕು?" ಎಂದು ಅವನು ನಗುತ್ತಿದ್ದ. "ಅದು ಒಳಗಡೆ ಇರೋ ಗಂಟೆ. ಎಳ್ಕೊಂಡು ಬರೋಕೆ ಪೆಟ್ಟಿಗೆಗೆ ಎದೆ ಇರ್ಬೇಕು."

ಬೀದಿಯವರು ಅದನ್ನು ನಂಬಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವರಲ್ಲ ಅವರು. ಕಿವಿಯಾರೆ ಕೇಳಿ ನಂಬಿದರು. ಬೇಕರಿಯ ಕ್ಲೆಯೊತಿಲ್ದೆ ಬಿಸಿ ಚೀಸ್ ಬನ್ನು ಹಿಡಿದುಕೊಂಡು ಬರುತ್ತಿದ್ದಳು. ಎಲಾದಿಯೋನ ಹೆಂಡತಿಯ ತಮ್ಮ ನಾಬೋರ್ ಬರುತ್ತಿದ್ದ. ಇವನು ಟ್ರಾಫಿಕ್ ಪೊಲೀಸಿನಲ್ಲಿ ನಿವೃತ್ತನಾದರೂ ಸೀಟಿಯನ್ನು ಮಾತ್ರ ಇಲಾಖೆಗೆ ಹಿಂತಿರುಗಿಸದವನು. ಎಲ್ಲರೂ ಹೊದಿಕೆಯಿಲ್ಲದ ಸೋಫಾಗಳ ಮೇಲೆ ಸ್ಪ್ರಿಂಗು ಚುಚ್ಚಿಸಿಕೊಂಡು ಕೂತು, ಗಂಟೆ ಬಂದ ಕೂಡಲೇ "ಆಹಾ!" ಎನ್ನುವರು. ಎಲಾದಿಯೋ ಸುತ್ತಿಗೆ ಎಸೆದು ಹೆಂಡತಿ ಮೆಲ್ಬಾಳ ಸೊಂಟ ಹಿಡಿಯುವನು. ಅದು ಅವರ ಮದುವೆಯ ಹಾಡು. ಮದುವೆಯ ದಿನ ಇದೇ ಕೋಣೆಯಲ್ಲಿ, ಇದೇ ಪೆಟ್ಟಿಗೆಯ ಮುಂದೆ, ಇದೇ ಗಂಟೆಗೆ ಕುಣಿದಿದ್ದರು. ಮೂವತ್ತು ವರ್ಷವಾಯಿತು, ಗಂಟೆ ಒಂದು ದಿನವೂ ತಪ್ಪಿರಲಿಲ್ಲ.

ಒಂದು ಮಧ್ಯಾಹ್ನ ತಪ್ಪಿತು.

ಹಾಡು ಬಂತು, ಕೋರಸ್ ಏರಿತು, ಎಲಾದಿಯೋ ಸುತ್ತಿಗೆ ಎಸೆದ, ಮೆಲ್ಬಾಳ ಸೊಂಟಕ್ಕೆ ಕೈ ಹೋಯಿತು. ಗಂಟೆ ಇಲ್ಲ. ಇಬ್ಬರೂ ಒಂದು ಕಾಲು ಎತ್ತಿಕೊಂಡು ಕೊಕ್ಕರೆಗಳ ಹಾಗೆ ನಿಂತರು.

"ಕಾಲು ಎಲ್ಲಿ ಇಡ್ಲಿ ಮುದುಕಾ?" ಎಂದಳು ಮೆಲ್ಬಾ.

"ತಾಳು, ಬರುತ್ತೆ."

ಹಾಡೇ ಮುಗಿಯಿತು, ಗಂಟೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಎಲಾದಿಯೋ ಪೆಟ್ಟಿಗೆಯನ್ನು ಬಿಚ್ಚಿದ. ಒಳಗಿನಿಂದ ಒಂದು ಸತ್ತ ಹಲ್ಲಿ, ಮೆಲ್ಬಾಳ ಕಳೆದುಹೋದ ಕಿವಿಯೋಲೆ, ಒಂದು ಹಿಡಿ ಧೂಳು ಬಂದವು. ಎಲ್ಲವನ್ನೂ ಒರೆಸಿ ಮುಚ್ಚಿದ. ಮೂರನೆಯ ದಿನವೂ ಹಾಡು ಬೋಳಾಗಿಯೇ ಬಂತು.

ಕ್ಲೆಯೊತಿಲ್ದೆ ಬನ್ನಿನ ಬುಟ್ಟಿ ಕೆಳಗಿಟ್ಟು, "ಪೆಟ್ಟಿಗೆಗೆ ವಯಸ್ಸಾಯ್ತು ಬಿಡಿ, ದೋನ್ ಎಲಾದಿಯೋ" ಎಂದಳು.

ಅದನ್ನು ಅವನು ಸಹಿಸಿಯಾನೇ? "ಪೆಟ್ಟಿಗೆಗಲ್ಲ ಕಣಮ್ಮ! ಆ ರೇಡಿಯೋನ ರಾಜಧಾನಿ ಬೊಗೊತಾದವರು ಕೊಂಡ್ಕೊಂಡಿದ್ದಾರಂತೆ. ಕಂಪ್ಯೂಟರ್ ತಂದು ಹಾಡೆಲ್ಲ ಅದ್ರೊಳಗೆ ತುಂಬ್ತಿದ್ದಾರೆ. ತುಂಬೋವಾಗ ಗಂಟೆ ಕತ್ತರಿಸಿ ಹಾಕಿದ್ದಾರೆ."

"ಗಂಟೆ ಯಾಕಪ್ಪ ಕತ್ತರಿಸ್ತಾರೆ?"

"ಬೊಗೊತಾದವ್ರಿಗೆ ತಲೆನೋವು ಬರುತ್ತೆ ಅದನ್ನ ಕೇಳಿದ್ರೆ! ಚಳೀಲಿ ಮುದುರಿ ಕೂತ ಜನ. ಅವ್ರಿಗೆ ಗಂಟೆ ಅಂದ್ರೆ ಚರ್ಚಿನ ಗಂಟೆ ಒಂದೇ."

ಬೊಗೊತಾದವರು ಎಂದ ಮೇಲೆ ಬೀದಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮಳೆ ಬಾರದಿದ್ದರೂ, ಬಸ್ಸು ಬಾರದಿದ್ದರೂ ಮಾಡಿದವರು ಅವರೇ. ನಾಬೋರ್ ಸೀಟಿ ಊದಿ, "ಇದು ಸಾರ್ವಜನಿಕ ಆಸ್ತಿಯ ಕಳವು. ಫೋನ್ ಮಾಡು ಭಾವಾ" ಎಂದು ಅಪ್ಪಣೆ ಕೊಟ್ಟ.

ಲಾ ಚೊಂಟಾದಲ್ಲಿ ಮಧ್ಯಾಹ್ನದ ಹೊತ್ತು ಮಾತಾಡುವವನು ಅಬ್ಸಲೋನ್ ರೆಂತೆರಿಯಾ. ಊರವರು ಅವನನ್ನು "ಮೇಷ್ಟ್ರು" ಎನ್ನುವುದು. ಯಾವ ಹಾಡಿನಲ್ಲಿ ಯಾರು ಡೋಲು ಬಾರಿಸಿದರು, ಬಾರಿಸುವಾಗ ಯಾರಿಗೆ ನೆಗಡಿಯಿತ್ತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೇಳುಗರು ಫೋನು ಮಾಡಿ ಅತ್ತೆಗೊಂದು ನಮಸ್ಕಾರ, ನಾದಿನಿಗೊಂದು ಹಾಡು ಎಂದು ಕೇಳುವ ಸಮಯ ಅದು. ಎಲಾದಿಯೋ ಯಾರಿಗೂ ನಮಸ್ಕಾರ ಹೇಳಲಿಲ್ಲ.

"ಮೇಷ್ಟ್ರೇ, ಗಂಟೆ ಎಲ್ಲಿ?"

"ಯಾವ ಗಂಟೆ ಸ್ವಾಮಿ?"

"'ಟೋಪಿ ಬಿಟ್ಟು ಹೋಗು' ಹಾಡಿನ ಗಂಟೆ! ಮೂವತ್ತು ವರ್ಷ ಕೇಳಿದ್ದೀನಿ. ಈ ವಾರ ಇಲ್ಲ. ಎಷ್ಟಕ್ಕೆ ಮಾರಿದ್ರಿ?"

ಊರಿಗೆ ಊರೇ ಕೇಳುತ್ತಿತ್ತು. ಅಬ್ಸಲೋನ್ ಗಂಟಲು ಸರಿಮಾಡಿಕೊಂಡ. "ಕೇಳುಗರೇ, ಆ ಹಾಡಿನಲ್ಲಿ ಗಂಟೆ ಇಲ್ಲ. ಎಂದೂ ಇರಲಿಲ್ಲ. ಅದನ್ನು ಬಾರಿಸಬೇಕಾದವನು ಅವತ್ತು ಜಗಳ ಮಾಡಿಕೊಂಡು ಮನೆಗೆ ಹೋಗಿದ್ದ. ನನ್ನ ಹತ್ತಿರ ಆ ಹಾಡಿನ ಮೂಲ ಗ್ರಾಮಫೋನ್ ತಟ್ಟೆಯೇ ಇದೆ."

"ಸುಳ್ಳು!"

"ಸ್ವಾಮಿ, ನಿಮಗೆ ಸಾಲ್ಸಾ ಕೇಳುವ ಕಿವಿಯೇ ಇಲ್ಲ."

ಅಂದುಬಿಟ್ಟ. ಓಬ್ರೆರೋ ಬಡಾವಣೆಯಲ್ಲಿ ಆ ಕ್ಷಣ ಕ್ಷೌರಿಕನ ಕತ್ತರಿ ನಿಂತಿತು, ಬಾಣಲೆಯಲ್ಲಿ ಎಂಪನಾದಾ ಕಡುಬು ಸೀದುಹೋಯಿತು. ಎಲಾದಿಯೋನ ಬಾಯಿಂದ ಮುಂದಿನ ಮಾತು ಅವನ ಅಪ್ಪಣೆ ಕೇಳದೆ ಹೊರಟಿತು.

"ಕೇಳ್ರಿ ಮೇಷ್ಟ್ರೇ! ಆ ಹಾಡಲ್ಲಿ ಗಂಟೆ ಇಲ್ಲ ಅಂತ ನನ್ನ ಮನೇಗ್ ಬಂದು, ನನ್ನ ಪೆಟ್ಟಿಗೇಲಿ ತೋರ್ಸಿ. ಇಲ್ಲ ಅಂತಾದ್ರೆ ಈ ಹಬ್ಬದಲ್ಲಿ ನಾನು ಒಂದು ಹೆಜ್ಜೇನೂ ಕುಣಿಯಲ್ಲ. ನನ್ನ ತಾಯಾಣೆ!"

ಫೋನು ಇಟ್ಟಾಗ ಕೋಣೆ ತಣ್ಣಗಾಗಿತ್ತು. ಹಬ್ಬದಲ್ಲಿ ಕುಣಿಯುವುದಿಲ್ಲ ಎಂದರೆ ಬೇರೆ ಊರಿನವರಿಗೆ ಏನೂ ಅನ್ನಿಸದಿರಬಹುದು. ಇಲ್ಲಿ ಅದು ಅನ್ನ ಬಿಡುತ್ತೇನೆ ಎಂದ ಹಾಗೆ. ಮೆಲ್ಬಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಆಣೆ ಇಟ್ಟಿದ್ದು ಯಾರ ಕಾಲಿನ ಮೇಲೆ?"

"ನನ್ನ ಕಾಲಿನ ಮೇಲೆ."

"ನಿನ್ನ ಕಾಲಿಗೆ ಜೋಡಿ ಯಾರ ಕಾಲು? ಮೂವತ್ತು ವರ್ಷ ಬೇರೆಯವನ ಕೈ ಹಿಡಿದು ಕುಣಿದವಳಲ್ಲ ನಾನು. ವರ್ಷವೆಲ್ಲ ನಿನ್ನ ಸೋಫಾ ಧೂಳು ಕುಡಿದು ಈ ಆರು ದಿನಕ್ಕೆ ಕಾಯ್ತೀನಿ. ಈಗ ನಾನು ಕುರ್ಚಿ ಕಾಯ್ಕೊಂಡು ಕೂರ್ಬೇಕಾ?"

"ಗಂಟೆ ಇದೆ ಮೆಲ್ಬಾ. ನಾವು ಗೆಲ್ತೀವಿ."

"ಗೆಲ್ಲದೇ ಇದ್ರೆ ಆ ಪೆಟ್ಟಿಗೇನ ನಿನ್ನ ತಲೆ ಮೇಲೆ ಬಾರಿಸ್ತೀನಿ. ಆಗ ಗಂಟೆ ಕೇಳುತ್ತೆ."

ಅಬ್ಸಲೋನ್ ಬರುತ್ತೇನೆ ಎಂದ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೋದವರ ವ್ಯಾನು ಬಂತು, ಅದರಿಂದ ಅಬ್ಸಲೋನ್ ಇಳಿದ. ಬಿಳಿ ಬೂಟು, ಬಿಳಿ ಟೋಪಿ. ಮಗುವನ್ನು ಎತ್ತಿಕೊಂಡ ಹಾಗೆ ತಟ್ಟೆಯನ್ನು ಎದೆಗವಚಿಕೊಂಡಿದ್ದ. ನಾಬೋರ್ ಸೀಟಿ ಊದಿ ವ್ಯಾನನ್ನು ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಮಾಡಿಸಿ, ಅದು ಮೊದಲು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಬೀದಿಯವರು "ಗಂಟೆ ಕೊಡಿ! ಗಂಟೆ ಕೊಡಿ!" ಎಂದು ಕೂಗಿದರು. ಮಾತೆಲ್ಲ ರೇಡಿಯೋದಲ್ಲಿ ನೇರವಾಗಿ ಹೋಗುತ್ತಿತ್ತು.

ಅಬ್ಸಲೋನ್ ಪೆಟ್ಟಿಗೆಯನ್ನು ನೋಡಿ, "ಇದಾ? ನಾನು ಬಟ್ಟೆಯ ಬೀರು ಅಂದ್ಕೊಂಡೆ" ಎಂದ.

"ಹಾಕ್ರಿ ಹಾಕ್ರಿ" ಎಂದ ಎಲಾದಿಯೋ. "ಆಮೇಲೆ ಆ ಟೋಪಿ ತೆಗೆದು ಮಾತಾಡ್ತೀರಿ."

ತಟ್ಟೆ ತಿರುಗಿತು. ತುತ್ತೂರಿಗಳು ಎದ್ದವು. ಅಷ್ಟು ಜನ ಉಸಿರು ಬಿಗಿಹಿಡಿದು ನಿಂತದ್ದನ್ನು ಆ ಬೀದಿ ಫುಟ್‌ಬಾಲಿನ ಪೆನಾಲ್ಟಿಯಲ್ಲೂ ಕಂಡಿರಲಿಲ್ಲ. ಅರ್ಧ ದಾಟಿತು. ಕೋರಸ್ ಏರಿತು. ಡೋಲು ಇದೆ, ಪಿಯಾನೋ ಇದೆ, ಹಾಡುವವನ ಹಲ್ಲಿನ ಸಂದಿಯ ಗಾಳಿ ಕೂಡ ಇದೆ. ಗಂಟೆ ಇಲ್ಲ.

ಹಾಡು ಮುಗಿದಾಗ ಅಬ್ಸಲೋನ್ ಮೈಕಿಗೆ ಬಾಯಿಟ್ಟು ಮೆತ್ತಗೆ, "ಕೇಳುಗರೇ, ನೀವೇ ಕೇಳಿದಿರಿ" ಎಂದ. ಆ ಮೆತ್ತಗಿನ ದನಿಯೇ ಬೆಂದ ಗಾಯಕ್ಕೆ ಉಪ್ಪು ಹಾಕಿದ ಹಾಗಿತ್ತು. ಕ್ಲೆಯೊತಿಲ್ದೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು. ಎಲಾದಿಯೋ ಪೆಟ್ಟಿಗೆಯ ಬೆನ್ನು ತಟ್ಟಿದ, ಬದಿಗೆ ಒದ್ದ, ಕೊನೆಗೆ ಅದರ ಕಿವಿಯಲ್ಲಿ ಎಂಬಂತೆ ಏನೋ ಬೇಡಿಕೊಂಡ.

ಮೆಲ್ಬಾಗೆ ಮಾತ್ರ ಅಳು ಬರಲಿಲ್ಲ, ಮೈ ಉರಿಯಿತು. "ಇನ್ನೊಂದ್ಸಲ ಹಾಕ್ರಿ! ಸಣ್ಣಗೆ ಹಾಕಿ ಮೋಸ ಮಾಡ್ತಿದ್ದೀರಾ? ಪೂರ್ತಿ ತಿರುಗಿಸ್ರಿ!"

"ತಾಯಿ, ಇದು ಪೂರ್ತಿಯೇ..."

ಅವಳೇ ಮುಂದೆ ಬಂದು ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿದಳು. ಎರಡನೆಯ ಸಲ ಹಾಡು ಬಂದ ಅಬ್ಬರಕ್ಕೆ ಗೋಡೆಯ ಮೇಲಿನ ಸಂತನ ಚಿತ್ರ ಓರೆಯಾಯಿತು, ಬೀದಿನಾಯಿಗಳು ಮುಂದಿನ ಬಡಾವಣೆಗೆ ವಲಸೆ ಹೋದವು. ಅರ್ಧ ದಾಟಿತು. ಕೋರಸ್ ಏರಿತು.

ಟಣ್ ಟಟಣ್! ಟಣ್ ಟಟಣ್!

"ಗಂಟೆ!" ಎಂದು ಬೀದಿಯೆಲ್ಲ ಒಂದೇ ಕೊರಳಲ್ಲಿ ಕೂಗಿತು. ಎಲಾದಿಯೋ ಪೆಟ್ಟಿಗೆಯನ್ನು ತಬ್ಬಿಕೊಂಡ. ನಾಬೋರ್ ಸೀಟಿಯನ್ನು ತಾಳಕ್ಕೆ ಊದಿದ. ಅಬ್ಸಲೋನನ ಬಿಳಿ ಟೋಪಿಯ ಕೆಳಗೆ ಮುಖ ಟೋಪಿಗಿಂತ ಬೆಳ್ಳಗಾಯಿತು. ಮೂಲ ತಟ್ಟೆ, ತನ್ನದೇ ತಟ್ಟೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುತ್ತಿದ್ದವನ ಕಣ್ಣೆದುರು ಮೊಲ ನಾಲ್ಕನೆಯ ಕಾಲು ಚಾಚಿತ್ತು. ಗಾಬರಿಯಲ್ಲಿ ಅವನು ಮುಳ್ಳನ್ನು ತಟ್ಟೆಯಿಂದ ಎತ್ತಿಬಿಟ್ಟ.

ಹಾಡು ನಿಂತಿತು. ಗಂಟೆ ನಿಲ್ಲಲಿಲ್ಲ.

ಟಣ್ ಟಟಣ್! ಟಣ್ ಟಟಣ್! ಅದರ ಬೆನ್ನಿಗೇ ಗೋಡೆಯ ಆಚೆಯಿಂದ ಒಂದು ದನಿ: "ನಿಲ್ಲಿಸ್ರೋ ಕತ್ತೆಗಳಾ! ಎಷ್ಟು ಸಲ ಹೇಳ್ಬೇಕ್ರೋ!"

ಎಲ್ಲರೂ ಗೋಡೆಯನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದ್ದರಿಂದ ಸ್ವಲ್ಪ ಹೊತ್ತು ಯಾರೂ ಹೊರಗೆ ಹೋಗಲಾಗಲಿಲ್ಲ. ನಾಬೋರ್ ಸೀಟಿ ಊದಿ ದಾರಿ ಮಾಡಿಸಿದ.

ಪಕ್ಕದ ಮನೆ ತುಲಿಯಾರದು; ಬೀದಿಯವರು ಮರ್ಯಾದೆಗೆ ದೋನ್ಯಾ ತುಲಿಯಾ ಎನ್ನುವುದು. ಶಾಲೆಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು, ಒಂಟಿ ಜೀವ, ಮಾತು ಕಡಿಮೆ. ಬಲಗೈಗೆ ಪ್ಲಾಸ್ಟರ್ ಕಟ್ಟಿಕೊಂಡು, ಎಡಗೈಯಲ್ಲಿ ದೊಡ್ಡ ಕಬ್ಬಿಣದ ಸೌಟು ಹಿಡಿದು, ಕಿಟಕಿಯ ಸರಳುಗಳ ಹಿಂದೆ ನಿಂತಿದ್ದರು. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡದ್ದು ಗಂಟೆ ಕಳವಾದ ದಿನವೇ.

ಎಲಾದಿಯೋ ತೊದಲಿದ. "ಅಮ್ಮಾ... ಗಂಟೆ... ನೀವಾ?"

"ಯಾವ ಗಂಟೆನೋ? ಸರಳಿಗೆ ಸೌಟಲ್ಲಿ ಹೊಡೀತಿದ್ದೀನಿ, ಸದ್ದು ಕಡಿಮೆ ಮಾಡ್ರೋ ಅಂತ! ಮೂವತ್ತು ವರ್ಷದಿಂದ ಹೊಡೀತಿದ್ದೀನಿ! ಹಾಡು ಶುರುವಾದಾಗ ಸಹಿಸ್ಕೋತೀನಿ. ಕೋರಸ್‌ಗೆ ನೀವೆಲ್ಲ ಅರಚೋಕೆ ಶುರು ಮಾಡ್ತೀರಲ್ಲ, ಆಗ ಹೊಡೀತೀನಿ. ನಿಲ್ಲಿಸೋದಿರ್ಲಿ, 'ಆಹಾ' ಅಂತೀರಿ! ಎಂಥಾ ಮಾನಗೆಟ್ಟ ಜನ ಇವ್ರು, ಬೈದ್ರೆ 'ಆಹಾ' ಅಂತಾರಲ್ಲ ಅಂತ ನಾನು ಇನ್ನೂ ಜೋರಾಗಿ ಹೊಡೀತಿದ್ದೆ!"

ಈ ಬೈಗುಳವೂ ಲಾ ಚೊಂಟಾದಲ್ಲಿ ನೇರವಾಗಿ ಪ್ರಸಾರವಾಯಿತು.

ಮೊದಲು ಚೇತರಿಸಿಕೊಂಡವನು ಅಬ್ಸಲೋನ್. ಮುಖಕ್ಕೆ ಬಣ್ಣ ಮರಳಿತ್ತು. "ಹಾಗಾದರೆ ತೀರ್ಮಾನವಾಯಿತು, ಕೇಳುಗರೇ. ಹಾಡಿನಲ್ಲಿ ಗಂಟೆ ಇಲ್ಲ. ಯಾರೋ ಒಬ್ಬ ಮುದುಕಿ ಸಿಟ್ಟಿನಲ್ಲಿ ಸೌಟು ಹೊಡೆದದ್ದನ್ನು ಇವರು..."

"ಯಾರೋ ಒಬ್ಬ ಮುದುಕಿ?" ಎಂದರು ತುಲಿಯಾ. ಸೌಟು ಸರಳುಗಳ ನಡುವಿನಿಂದ ಹೊರಬಂತು. "ಏನಪ್ಪಾ ಬಿಳಿ ಬೂಟು, ಸೌಟು ಹೊಡೆದದ್ದು ಅಂದ್ಯಲ್ಲ, ಒಂದೇ ಒಂದು ಪೆಟ್ಟು ತಾಳ ತಪ್ಪಿತ್ತಾ? ಹೇಳು! ಎಡಗೈಲಿ ಹೊಡೆದಿದ್ದೀನಿ ಇವತ್ತು. ತಪ್ಪಿತ್ತಾ?"

ಅಬ್ಸಲೋನನಿಗೆ ಸೊಕ್ಕಿತ್ತು ನಿಜ, ಆದರೆ ತಾಳದ ವಿಷಯದಲ್ಲಿ ಸುಳ್ಳು ಹೇಳುವಷ್ಟು ನೀಚನಲ್ಲ. "ತಪ್ಪಿರಲಿಲ್ಲ, ದೋನ್ಯಾ" ಎಂದ. ಟೋಪಿಯೂ ಕೈಗೆ ಬಂತು.

ಮೆಲ್ಬಾ ಕಿಟಕಿಯ ಹತ್ತಿರ ಹೋದಳು. "ಇಷ್ಟು ವರ್ಷ ಕಷ್ಟ ಆಗಿದ್ರೆ ಬಂದು ಒಂದು ಮಾತು ಹೇಳ್ಬಾರ್ದಾಗಿತ್ತಾ ಅಮ್ಮಾ?"

"ಕರೆಯದ ಮನೆಗೆ ಹೇಗೆ ಬರ್ಲಿ?"

"ಅಂದ್ರೆ?"

ತುಲಿಯಾ ಸೌಟನ್ನು ಕೆಳಗಿಳಿಸಿದರು. ಆದರೆ ದನಿ ಇಳಿಸಲಿಲ್ಲ. "ನಿಮ್ಮ ಮದುವೇಲಿ ಬೀದಿಗೆ ಬೀದಿನೇ ಕರೆದ್ರಿ. ಮೂಲೆ ಮನೆಯ ಕಿವುಡನ್ನೂ ಕರೆದ್ರಿ. ನನ್ನ ಬಿಟ್ರಿ. ಗೋಡೆ ಆಚೆ ನಾನು ಒಬ್ಳೇ ಕೂತು ಎಲ್ಲ ಕೇಳಿಸ್ಕೊಂಡೆ. ಅವತ್ತೇ ಮೊದಲು ಹೊಡೆದಿದ್ದು."

ಎಲಾದಿಯೋಗೆ ನೆನಪಾಯಿತು. "ಅಯ್ಯೋ, ಅದು... ನೀವಾಗ ಕಪ್ಪು ಬಟ್ಟೇಲಿದ್ರಲ್ಲಮ್ಮಾ! ನಿಮ್ಮ ಯಜಮಾನ್ರು ಹೋಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ಸಾವಾದ ಮನೆಯವ್ರನ್ನ ಕುಣಿತಕ್ಕೆ ಕರೆದ್ರೆ ಮರ್ಯಾದೆಯಾ? ಗೌರವಕ್ಕೆ ಕರೀಲಿಲ್ಲ."

"ನಾನು ಕಪ್ಪು ಬಟ್ಟೆ ಹಾಕಿದ್ದು ಒಂದು ವರ್ಷ" ಎಂದರು ತುಲಿಯಾ. "ನೀವು ಮೂವತ್ತು ವರ್ಷ ಹಾಕಿಸಿಟ್ರಿ. ಹೂವಿನ ಲಂಗ ಹೊಲ್ಕೊಂಡು ನಿಮ್ಮ ಬಾಗಿಲ ಮುಂದೇನೇ ಬೇಕಂತ ಮೂರು ಸುತ್ತು ಹೊಡೆದೆ. 'ನಮಸ್ಕಾರ ದೋನ್ಯಾ' ಅಂದು ಬಾಗಿಲು ಮುಂದಕ್ಕೆ ಹಾಕ್ಕೊಂಡ್ರಿ. ಪಾಪ ವಿಧವೆ, ಸದ್ದು ಕೇಳಿಸ್ಬಾರ್ದು ಅಂತ. ಹಾಳಾಗ್ಲಿ ನಿಮ್ಮ ಗೌರವ!"

ಕ್ಲೆಯೊತಿಲ್ದೆ ಈಗ ಬೇರೆ ಕಾರಣಕ್ಕೆ ಏಪ್ರನ್ ಎತ್ತಿಕೊಂಡಳು. ಮೆಲ್ಬಾ ಸರಳಿನೊಳಗೆ ಕೈ ಹಾಕಿ ತುಲಿಯಾರ ಎಡಗೈಯನ್ನು ಸೌಟಿನ ಸಮೇತ ಹಿಡಿದಳು. "ಹಬ್ಬಕ್ಕೆ ಬನ್ನಿ" ಎಂದಳು. "ಅಮ್ಮಾ, ದಯವಿಟ್ಟು ಹಬ್ಬಕ್ಕೆ ಬನ್ನಿ."

ಅಬ್ಸಲೋನ್ ಮೈಕಿನಲ್ಲಿ ಉದಾರವಾಗಿ ಸಾರಿದ. "ಕೇಳುಗರೇ, ಇಂಥ ಗಳಿಗೆಯಲ್ಲಿ ಸೋಲು ಗೆಲುವು ಎಂಥದು? ದೋನ್ ಎಲಾದಿಯೋರ ಆಣೆಯನ್ನು ಲಾ ಚೊಂಟಾ ಬಳಗ ಮನ್ನಾ ಮಾಡಿದೆ!"

ಎಲಾದಿಯೋನ ಮುಖ ಅರಳಿತು. ಬೀದಿ ಚಪ್ಪಾಳೆ ತಟ್ಟಿತು.

"ಅದ್ಹೇಗೆ ಮನ್ನಾ ಆಗುತ್ತೆ?" ಎಂದರು ತುಲಿಯಾ.

ಚಪ್ಪಾಳೆ ನಿಂತಿತು.

"ತಾಯಾಣೆ ಇಟ್ಟಿದ್ದನ್ನ ನಾನೂ ರೇಡಿಯೋದಲ್ಲಿ ಕೇಳಿದ್ದೀನಿ. ಹಾಡಲ್ಲಿ ಗಂಟೆ ಇತ್ತಾ? ಇಲ್ಲ. ಇವನ ತಾಯಿ ಬ್ಲಾಸಿನಾ ನನಗೂ ಗೊತ್ತಿದ್ದವಳು, ಒಳ್ಳೇ ಹೆಂಗಸು. ಅವಳ ಮೇಲಿಟ್ಟ ಆಣೆ ಮುರಿಯೋಕೆ ಬಿಡಲ್ಲ. ಕೂತ್ಕೊಳ್ಲಿ. ಬೇರೆಯವರು ಕುಣಿಯೋದನ್ನ ಕೇಳಿಸ್ಕೊಂಡು ಕೂರೋದು ಹೇಗಿರುತ್ತೆ ಅಂತ ಒಂದು ಹಬ್ಬ ನೋಡ್ಲಿ."

ಎಲಾದಿಯೋ ಹೆಂಡತಿಯ ಕಡೆ ತಿರುಗಿದ. ಮೆಲ್ಬಾ ಆಕಾಶ ನೋಡಿದಳು. ಭಾವಮೈದುನನ ಕಡೆ ತಿರುಗಿದ. ನಾಬೋರ್ ಸೀಟಿಯನ್ನು ಜೇಬಿಗೆ ಹಾಕಿಕೊಂಡು, "ಕಾನೂನು ಅಂದ್ರೆ ಕಾನೂನು, ಭಾವಾ" ಎಂದ.

ಹಬ್ಬ ಬಂತು. ಓಬ್ರೆರೋ ಬಡಾವಣೆಯವರು ಎಂದಿನಂತೆ ಬೀದಿಗೆ ಹಗ್ಗ ಕಟ್ಟಿ ವಾಹನ ನಿಲ್ಲಿಸಿದರು, ಪೆಟ್ಟಿಗೆಯನ್ನು ಇಬ್ಬರು ಹೊತ್ತು ಹೊರಗೆ ತಂದರು. ಇನ್ನೊಬ್ಬನ ಸೊಂಟವೂ ಹೋಯಿತು. ಲಾ ಚೊಂಟಾದಲ್ಲಿ ಅಬ್ಸಲೋನ್ "ದೋನ್ಯಾ ತುಲಿಯಾರಿಗೆ ಗೌರವಪೂರ್ವಕವಾಗಿ" ಎಂದು ಹೇಳಿ ಅದೇ ಹಾಡು ಹಾಕಿದ. ಪ್ಲಾಸ್ಟರಿನ ಕೈಯನ್ನು ಮೆಲ್ಬಾಳ ಹೆಗಲ ಮೇಲಿಟ್ಟು, ಎಡಗೈಯನ್ನು ಅವಳ ಕೈಗೆ ಕೊಟ್ಟು, ದೋನ್ಯಾ ತುಲಿಯಾ ಬೀದಿಯ ನಡುವೆ ಇಳಿದರು. ಆ ಕಾಲುಗಳನ್ನು ನೋಡಬೇಕಿತ್ತು! ಹದಿನೆಂಟರ ಹುಡುಗಿಯರು ದಾರಿ ಬಿಟ್ಟು ನಿಂತರು. ನೋಡುತ್ತ ನೋಡುತ್ತ ಬೀದಿಗೆಲ್ಲ ನಾಚಿಕೆಯಾಯಿತು. ಇಂಥ ಕಾಲುಗಳನ್ನು ಗೋಡೆಯ ಆಚೆ ಕೂರಿಸಿದ್ದೆವಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಲಾದಿಯೋ ಕುರ್ಚಿಯ ಮೇಲೆ ಕೂತಿದ್ದ. ಕಾಲು ತಾವಾಗಿ ಏಳದಂತೆ ಎರಡನ್ನೂ ಕುರ್ಚಿಯ ಕಾಲಿಗೆ ಸುತ್ತಿಕೊಂಡಿದ್ದ. ಕೋರಸ್ ಹತ್ತಿರ ಬಂದಂತೆ ಎಲ್ಲರಿಗೂ ಹೊಳೆಯಿತು: ಗಂಟೆಯವರು ಕುಣಿಯುತ್ತಿದ್ದಾರೆ, ಗಂಟೆ ಯಾರು ಬಾರಿಸಬೇಕು? ಕ್ಲೆಯೊತಿಲ್ದೆ ಓಡಿಹೋಗಿ ಸೌಟು ಮತ್ತು ಒಂದು ಬಾಣಲೆ ತಂದು ಅವನ ತೊಡೆಯ ಮೇಲಿಟ್ಟಳು. ಕೈಗೆ ಆಣೆ ಇರಲಿಲ್ಲವಲ್ಲ! ಎಲಾದಿಯೋ ಹಿರಿಹಿರಿ ಹಿಗ್ಗಿದ. ಮೂವತ್ತು ವರ್ಷದ ಅನುಭವವನ್ನೆಲ್ಲ ತೋಳಿಗೆ ತಂದುಕೊಂಡು, ಕಣ್ಣು ಮುಚ್ಚಿ, ಬಾರಿಸಿದ.

ಟಣ್ ಟಣ್ ಟ... ಟಣ್.

ಕುಣಿಯುತ್ತಿದ್ದವರೆಲ್ಲ ಒಂದು ಕಾಲು ಎತ್ತಿಕೊಂಡು ನಿಂತರು. ದೋನ್ಯಾ ತುಲಿಯಾ ಮೆಲ್ಬಾಳ ಕೈ ಬಿಡದೆ, ಬೀದಿಯ ನಡುವಿನಿಂದ ತಿರುಗಿ, ಕೆಂಡದಂತೆ ನೋಡಿದರು.

"ನಿಲ್ಲಿಸೋ ಕತ್ತೆ! ಮೂವತ್ತು ವರ್ಷ ಸರಳು ಬಡಿದು ಬಡಿದು ಹೇಳ್ಕೊಟ್ರೂ ಕಲೀಲಿಲ್ವಲ್ಲೋ ನೀನು!"